ಹೊಗೆಗಂಪಿನ ಕೋಳಿ–ಸಾಸೇಜ್ ಅಡುಗೆಗೆ ಬೀಡು ಕಬ್ಬಿಣದ ಬಾಣಲೆ: ಬಳಸಿ ನೋಡಿ ಬರೆದ ವಿಮರ್ಶೆ

ಅಂಗಡಿಗಳಲ್ಲಿ ಕಾಸ್ಟ್ ಐರನ್ ಎಂದು ಕರೆದು ಮಾರುವ ಬೀಡು ಕಬ್ಬಿಣದ ಪಾತ್ರೆಗಳು ತುಮಕೂರಿನ ಮಂಡಿಪೇಟೆ ಸುತ್ತಮುತ್ತ ಈಗ ಸುಲಭವಾಗಿ ಸಿಗುತ್ತವೆ. ದೋಸೆ ಕಾವಲಿ ಮತ್ತು ಪಡ್ಡಿನ ಹೆಂಚುಗಳನ್ನು ಕೊಳ್ಳುವವರು ಹೆಚ್ಚು. ಅವುಗಳ ಪಕ್ಕದಲ್ಲೇ ಇಟ್ಟಿರುವ, ಎರಡು ಹಿಡಿಯ ಅಗಲವಾದ ಬಾಣಲೆಯನ್ನು ಎತ್ತಿ ನೋಡಿ, ಅದರ ತೂಕಕ್ಕೆ ಹೆದರಿ ಹಾಗೆಯೇ ಇಳಿಸಿ ಹೋಗುವವರೂ ಅಷ್ಟೇ ಹೆಚ್ಚು. ನಾನು ಕೊಂಡದ್ದು ಆ ಬಾಣಲೆಯನ್ನು. ಅದರ ಯೋಗ್ಯತೆಯನ್ನು ದೋಸೆಯಿಂದಲೋ ಮೊಟ್ಟೆಯಿಂದಲೋ ಅಳೆಯುವುದಕ್ಕಿಂತ, ಕೋಳಿ ತೊಡೆ, ಸಾಸೇಜ್, ಆಲೂಗಡ್ಡೆ, ಈರುಳ್ಳಿ, ದಪ್ಪ ಮೆಣಸಿನಕಾಯಿ, ಇಷ್ಟನ್ನೂ ಬೇರೆ ಪಾತ್ರೆ ಮುಟ್ಟದೆ ಒಂದರಲ್ಲೇ ಬೇಯಿಸಿ, ಕೊನೆಯಲ್ಲಿ ಹೊಗೆಯ ಗಂಪು ಕೊಡುವ ರಾತ್ರಿಯ ಅಡುಗೆಯಿಂದ ಅಳೆಯುವುದು ಸರಿ ಎಂದು ನನಗೆ ಅನಿಸಿತು. ಹುರಿಯುವುದು, ಬೇಯಿಸುವುದು, ತಳಕ್ಕೆ ಹಿಡಿದ ಸಾರವನ್ನು ಬಿಡಿಸಿಕೊಳ್ಳುವುದು, ಮುಚ್ಚಿ ಹೊಗೆ ಹಿಡಿಸುವುದು, ಪಾತ್ರೆಯೊಂದರಿಂದ ನಾವು ಬಯಸುವ ಬಹುಪಾಲು ಕೆಲಸ ಈ ಒಂದೇ ಅಡುಗೆಯಲ್ಲಿ ಬರುತ್ತದೆ.

ಬಾಣಲೆಯ ಅಳತೆ ಹೀಗಿದೆ: ಮೇಲ್ಭಾಗದ ಅಗಲ 26 ಸೆಂ.ಮೀ., ಆಳ 5 ಸೆಂ.ಮೀ., ತೂಕ ಸುಮಾರು 3 ಕೆ.ಜಿ. ನಾನು ಕೊಟ್ಟ ಬೆಲೆ 1,650 ರೂಪಾಯಿ. ತಳ ಚಪ್ಪಟೆಯಾಗಿರುವುದರಿಂದ ಗ್ಯಾಸ್ ಒಲೆಯ ಮೇಲೂ ಇಂಡಕ್ಷನ್ ಒಲೆಯ ಮೇಲೂ ಅಲುಗಾಡದೆ ಕೂರುತ್ತದೆ. ಒಳಮೈಯನ್ನು ಬೆರಳಿನಿಂದ ಸವರಿದರೆ ನುಣುಪಾಗಿಲ್ಲ, ಸಣ್ಣ ಮರಳಿನ ಸ್ಪರ್ಶವಿದೆ. ಬೀಡನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಆಮೇಲೆ ಉಜ್ಜಿ ನಯಗೊಳಿಸದೆ ಹಾಗೆಯೇ ಎಣ್ಣೆ ಹಚ್ಚಿ ಕಾಯಿಸಿದಾಗ ಉಳಿಯುವ ಗುರುತು ಅದು. ಇದನ್ನು ದೋಷವೆಂದು ನಾನು ಎಣಿಸುವುದಿಲ್ಲ, ಏಕೆಂದರೆ ಅಡುಗೆ ಮಾಡುತ್ತಾ ಹೋದಂತೆ ಎಣ್ಣೆಯ ಪದರ ಆ ಸಣ್ಣ ಕುಳಿಗಳನ್ನು ತುಂಬಿಕೊಂಡು ಬರುತ್ತದೆ. ನನ್ನ ಬಾಣಲೆಯ ನಡುಭಾಗ ಈಗಾಗಲೇ ಹೊಳೆಯುವ ಕಪ್ಪಿಗೆ ತಿರುಗಿದೆ. ಅಂಚಿನ ಕಡೆ ಮಾತ್ರ ಇನ್ನೂ ಬೂದುಗಪ್ಪು ಬಣ್ಣವಿದೆ.

ಪಳಗಿಸುವ ಎಣ್ಣೆಯ ವಿಚಾರದಲ್ಲಿ ನಮ್ಮ ಜಿಲ್ಲೆಯವರು ಗಮನಿಸಬೇಕಾದ ಒಂದು ಮಾತಿದೆ. ತೆಂಗಿನ ಸೀಮೆಯಾದ್ದರಿಂದ ಮನೆಯಲ್ಲಿ ಕೊಬ್ಬರಿ ಎಣ್ಣೆ ಇದ್ದೇ ಇರುತ್ತದೆ, ಅದನ್ನೇ ಹಚ್ಚಿಬಿಡೋಣ ಎನ್ನಿಸುವುದು ಸಹಜ. ಆದರೆ ಬಿಸಿಗೆ ಗಟ್ಟಿಯಾಗಿ ಕಬ್ಬಿಣಕ್ಕೆ ಅಂಟಿ ಪದರವಾಗುವ ಗುಣ ಅಸಂತೃಪ್ತ ಕೊಬ್ಬು ಹೆಚ್ಚಿರುವ ಎಣ್ಣೆಗಳಲ್ಲಿ ಹೆಚ್ಚು. ಕೊಬ್ಬರಿ ಎಣ್ಣೆಯಲ್ಲಿ ಇರುವುದು ಬಹುಪಾಲು ಸಂತೃಪ್ತ ಕೊಬ್ಬು. ಆದ್ದರಿಂದ ಪಳಗಿಸಲು ಸೂರ್ಯಕಾಂತಿ ಎಣ್ಣೆ ಉತ್ತಮ, ಪಾವಗಡ, ಮಧುಗಿರಿ ಕಡೆಯ ಕಡಲೆಕಾಯಿ ಎಣ್ಣೆಯೂ ನಡೆಯುತ್ತದೆ. ಒರೆಸಿ ತೆಗೆದೆವೇನೋ ಎನ್ನುವಷ್ಟು ತೆಳ್ಳಗೆ ಹಚ್ಚಿ ಹೊಗೆಯಾಡುವವರೆಗೆ ಕಾಯಿಸಬೇಕು. ದಪ್ಪಗೆ ಹಚ್ಚಿದರೆ ಅದು ಪದರವಾಗುವುದಿಲ್ಲ, ಅಂಟಂಟಾಗಿ ಉಳಿಯುತ್ತದೆ.

ಇನ್ನು ಅಡುಗೆ. ಕೋಳಿ ಅಂಗಡಿಯಲ್ಲಿ ಸುಮ್ಮನೆ ತೊಡೆ ಕೊಡಿ ಎಂದರೆ ಚರ್ಮ ಸುಲಿದು ಸಣ್ಣದಾಗಿ ಕೊಚ್ಚಿ ಕೊಟ್ಟುಬಿಡುತ್ತಾರೆ, ಏಕೆಂದರೆ ನಮ್ಮ ಕಡೆ ತೊಡೆಯೆಂದರೆ ಸಾರಿಗೆ ಹಾಕುವ ತುಂಡು. ಈ ಅಡುಗೆಗೆ ಬೇಕಾದದ್ದು ವಿತ್ ಸ್ಕಿನ್ ತೊಡೆ, ಮೂಳೆಸಮೇತ, ಕೊಚ್ಚದೆ ಇಡಿಯಾಗಿ. ನಾಲ್ಕು ತೊಡೆಗಳು, ಸುಮಾರು 800 ಗ್ರಾಂ, ಈ ಬಾಣಲೆಯಲ್ಲಿ ಒತ್ತೊತ್ತಾಗದೆ ಹಿಡಿಸುತ್ತವೆ. ಇಲ್ಲಿ ಬಳಸಬೇಕಾದದ್ದು ಫಾರಂ ಕೋಳಿಯನ್ನೇ. ನಾಟಿ ಕೋಳಿಯ ಮಾಂಸ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಮೆತ್ತಗಾಗುವುದಿಲ್ಲ, ಅದಕ್ಕೆ ಬೇಕಾದಷ್ಟು ಹೊತ್ತು ಬೇಯಿಸಿದರೆ ಜೊತೆಗಿರುವ ಆಲೂಗಡ್ಡೆ ಕರಗಿಹೋಗುತ್ತದೆ. ಸಾಸೇಜ್ ಪ್ಯಾಕೆಟ್‌ನಲ್ಲಿ ಬರುವ ಚಿಕನ್ ಸಾಸೇಜ್ ಸಾಕು, 250 ಗ್ರಾಂ. ಪ್ಯಾಕೆಟ್‌ನಲ್ಲಿ ಸಿಗುವವು ಸಾಮಾನ್ಯವಾಗಿ ಮೊದಲೇ ಬೇಯಿಸಿ ಹೆಪ್ಪುಗಟ್ಟಿಸಿದಂಥವು, ಉಪ್ಪೂ ಸಾಕಷ್ಟು ಇರುತ್ತದೆ. ಹಾಗಾಗಿ ಕೋಳಿಗೆ ಹಾಕುವ ಉಪ್ಪನ್ನು ಕೈ ಬಿಗಿ ಹಿಡಿದು ಹಾಕಬೇಕು. ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಕೆಳಗಿನ ಭಾಗದಲ್ಲಿಟ್ಟರೆ ಸಾಸೇಜ್ ಒಡೆಯದೆ ಕರಗುತ್ತದೆ.

ಕೋಳಿಗೆ ಮೊಸರು, ಶುಂಠಿ–ಬೆಳ್ಳುಳ್ಳಿ ಪೇಸ್ಟು ಹಚ್ಚಿ ನೆನೆಸುವ ನಮ್ಮ ಅಭ್ಯಾಸವನ್ನು ಇಲ್ಲಿ ಕೈಬಿಡಬೇಕಾಗುತ್ತದೆ. ಕಾರಣ ಸರಳವಾಗಿದೆ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಮಾಂಸದ ಹೊರಮೈ ಕೆಂಪಗೆ ಹುರಿದು ಆ ಘಮ ಬರಬೇಕಾದರೆ ಅದು ಸುಮಾರು 140 ಡಿಗ್ರಿಗೆ ಏರಬೇಕು; ಮೇಲೆ ತೇವ ಇರುವಷ್ಟು ಹೊತ್ತೂ ಬಾಣಲೆಯ ಶಾಖವೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಆದ್ದರಿಂದ ತೊಡೆಗಳಿಗೆ ಉಪ್ಪು, ಕಾಳುಮೆಣಸಿನ ಪುಡಿ ಮಾತ್ರ ಸವರಿ, ಮುಚ್ಚದೆ ಒಂದು ಗಂಟೆ ಫ್ರಿಜ್‌ನಲ್ಲಿಟ್ಟು, ಒಲೆಗೆ ಹಾಕುವ ಮುನ್ನ ಶುಭ್ರವಾದ ಬಟ್ಟೆಯಿಂದ ಒತ್ತಿ ಒಣಗಿಸಬೇಕು.

ಬೀಡು ಕಬ್ಬಿಣದ ಸ್ವಭಾವವನ್ನು ಅರಿತವರಿಗೆ ಮಾತ್ರ ಈ ಬಾಣಲೆ ಒಲಿಯುತ್ತದೆ ಎಂದು ನಾನು ಹೇಳುವುದು ಇಲ್ಲಿ. ಅದು ಶಾಖವನ್ನು ಬೇಗ ಹರಡುವ ಲೋಹವಲ್ಲ. ಅಲ್ಯೂಮಿನಿಯಂ ಇದಕ್ಕಿಂತ ಹಲವು ಪಟ್ಟು ವೇಗವಾಗಿ ಶಾಖವನ್ನು ಹರಡುತ್ತದೆ. ಒಲೆ ದೊಡ್ಡದು ಮಾಡಿ ಎರಡು ನಿಮಿಷಕ್ಕೆ ಎಣ್ಣೆ ಸುರಿದರೆ ಉರಿಯ ಉಂಗುರದ ಮೇಲಿನ ಭಾಗ ಹೊಗೆಯಾಡುತ್ತಿರುತ್ತದೆ, ಅಂಚು ಇನ್ನೂ ಅಷ್ಟು ಕಾದಿರುವುದಿಲ್ಲ. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಖಾಲಿ ಬಾಣಲೆಯನ್ನು ಕಾಯಲು ಬಿಟ್ಟರೆ ಚಿತ್ರವೇ ಬದಲಾಗುತ್ತದೆ. ಮೂರು ಕಿಲೋ ಲೋಹ ಒಮ್ಮೆ ಕಾದರೆ ತನ್ನೊಳಗೆ ಸಾಕಷ್ಟು ಶಾಖವನ್ನು ಇಟ್ಟುಕೊಂಡಿರುತ್ತದೆ. ಫ್ರಿಜ್‌ನಿಂದ ಬಂದ ನಾಲ್ಕು ತಣ್ಣನೆಯ ತೊಡೆಗಳನ್ನು ಒಟ್ಟಿಗೆ ಇಟ್ಟರೂ ಚುರ್ರೆನ್ನುವ ಸದ್ದು ಅಡಗುವುದಿಲ್ಲ. ಅದೇ ಕೆಲಸವನ್ನು ಮನೆಯ ತೆಳು ಕಬ್ಬಿಣದ ಬಾಂಡ್ಲಿಯಲ್ಲಿ ಮಾಡಿದರೆ ಎರಡನೆಯ ತೊಡೆ ಇಡುವಷ್ಟರಲ್ಲಿ ಸದ್ದು ಕುಗ್ಗಿ, ಕೋಳಿ ನೀರು ಬಿಟ್ಟುಕೊಂಡು, ಹುರಿಯುವ ಬದಲು ಬೇಯಲು ಶುರುವಾಗುತ್ತದೆ. ನಾನ್‌ಸ್ಟಿಕ್ ಪಾತ್ರೆಯನ್ನು ಹೀಗೆ ಖಾಲಿಯಾಗಿ ಕಾಯಿಸುವಂತೆಯೇ ಇಲ್ಲ. ಅದರ ಲೇಪ 260 ಡಿಗ್ರಿ ದಾಟಿದರೆ ಕೆಡಲು ಆರಂಭಿಸುತ್ತದೆ.

ಬಾಣಲೆ ಕಾದ ಮೇಲೆ ಉರಿಯನ್ನು ಮಧ್ಯಮಕ್ಕೆ ಏರಿಸಿ, ಎರಡು ಚಮಚ ಕಡಲೆಕಾಯಿ ಎಣ್ಣೆ ಬಿಟ್ಟು, ಒಂದು ಬೆರಳು ದಪ್ಪಕ್ಕೆ ಓರೆಯಾಗಿ ಹೆಚ್ಚಿದ ಸಾಸೇಜ್ ಬಿಲ್ಲೆಗಳನ್ನು ಮೊದಲು ಹುರಿದು ತೆಗೆದಿಡುತ್ತೇನೆ. ಹಂದಿ ಮಾಂಸದ ಸಾಸೇಜಿನಂತೆ ಚಿಕನ್ ಸಾಸೇಜ್ ಕೊಬ್ಬು ಬಿಡುವುದಿಲ್ಲ, ಆದರೆ ತನ್ನ ಹೊಗೆಯ ವಾಸನೆಯನ್ನೂ ಉಪ್ಪನ್ನೂ ಎಣ್ಣೆಗೆ ಬಿಟ್ಟುಕೊಡುತ್ತದೆ, ಮುಂದಿನದೆಲ್ಲ ಆ ಎಣ್ಣೆಯಲ್ಲೇ ಬೇಯುತ್ತದೆ. ಆಮೇಲೆ ತೊಡೆಗಳನ್ನು ಚರ್ಮದ ಬದಿ ಕೆಳಗಾಗಿ ಇಡಬೇಕು, ಇಟ್ಟ ಮೇಲೆ ಏಳೆಂಟು ನಿಮಿಷ ಮುಟ್ಟಬಾರದು. ಈ ಬಾಣಲೆಯ ಗುಣ ನನಗೆ ಮನವರಿಕೆಯಾದದ್ದು ಆ ನಿಮಿಷಗಳಲ್ಲಿ. ಮೊದಲ ಎರಡು ನಿಮಿಷ ತೊಡೆಯನ್ನು ಸರಿಸಲು ನೋಡಿದರೆ ಅದು ತಳವನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಬಲವಂತ ಮಾಡಿದರೆ ಚರ್ಮ ಹರಿಯುತ್ತದೆ. ನಾಲ್ಕೈದು ನಿಮಿಷಕ್ಕೆ ಚರ್ಮದ ಕೆಳಗಿನ ಕೊಬ್ಬು ಕರಗಿ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳಾಗಿ ಏಳುತ್ತದೆ, ಸಿಡಿತದ ಸದ್ದು ಗಡುಸಿನಿಂದ ಮೆಲುವಿಗೆ ಇಳಿಯುತ್ತದೆ. ಏಳನೆಯ ನಿಮಿಷದ ಹೊತ್ತಿಗೆ ಹಿಡಿಕೆ ಹಿಡಿದು ಬಾಣಲೆಯನ್ನು ಒಂದಿಷ್ಟು ಅಲುಗಿಸಿದರೆ ತೊಡೆ ತಾನಾಗಿಯೇ ಜಾರುತ್ತದೆ. ತಿರುಗಿಸಿದಾಗ ಚರ್ಮ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಬಗೆಯ ಕಂದು ಬಣ್ಣಕ್ಕೆ ಬಂದಿರುತ್ತದೆ, ಎಲ್ಲೂ ಬಿಳಿ ಮಚ್ಚೆ ಇರುವುದಿಲ್ಲ.

ಇನ್ನೊಂದು ಬದಿಯನ್ನು ನಾಲ್ಕು ನಿಮಿಷ ಹುರಿದು ತೊಡೆಗಳನ್ನು ತೆಗೆದಿಟ್ಟರೆ ತಳದಲ್ಲಿ ಕಂದು ಗಸಿ ಹಿಡಿದಿರುತ್ತದೆ. ಅದನ್ನು ಉಜ್ಜಿ ತೆಗೆಯಬಾರದು, ಅಡುಗೆಯ ಸಾರವೆಲ್ಲ ಅದರಲ್ಲಿದೆ. ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಸಣ್ಣ ಹೋಳುಗಳಾಗಿ ಹೆಚ್ಚಿದ ಆಲೂಗಡ್ಡೆ ಮತ್ತು ದಪ್ಪ ಮೆಣಸಿನಕಾಯಿ ಹಾಕಿ ಬಾಡಿಸಿ, ಖಾರದ ಪುಡಿ ಇಲ್ಲವೇ ಮುಂದೆ ಹೇಳುವ ಬ್ಯಾಡಗಿಯ ಖಾರ ಬೆರೆಸಿ, ತಕ್ಷಣ ಅರ್ಧ ಲೋಟ ನೀರು ಹಾಕಿ ಮರದ ಸಟ್ಟುಗದಿಂದ ಕೆರೆದರೆ ಗಸಿಯೆಲ್ಲ ಬಿಟ್ಟುಕೊಂಡು ರಸಕ್ಕೆ ಗಾಢ ಬಣ್ಣ ಬರುತ್ತದೆ. ತೊಡೆಗಳನ್ನು ಚರ್ಮ ಮೇಲಾಗಿ ತರಕಾರಿಯ ಮೇಲೆ ಇಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ, ಕೊನೆಯ ಐದು ನಿಮಿಷಕ್ಕೆ ಸಾಸೇಜ್ ಸೇರಿಸಬೇಕು. ಮೂಳೆಯ ಪಕ್ಕದ ಮಾಂಸ 74 ಡಿಗ್ರಿ ಮುಟ್ಟಿರಬೇಕು. ಥರ್ಮಾಮೀಟರ್ ಮನೆಯಲ್ಲಿದ್ದರೆ ಇದು ಊಹೆಯ ಮಾತಾಗಿ ಉಳಿಯುವುದಿಲ್ಲ, ಹಾಗಾಗಿ ಮಾಂಸದಡುಗೆ ಮಾಡುವವರು ಒಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಹೊಗೆಯ ರುಚಿಯನ್ನು ತರುವ ಬಗೆಗಳಲ್ಲಿ ಎಲ್ಲವೂ ಒಂದೇ ಮಟ್ಟದವಲ್ಲ. ಪಾಶ್ಚಾತ್ಯ ವಿಧಾನದಲ್ಲಿ ಇದಕ್ಕೆ ಬಳಸುವುದು ಸ್ಮೋಕ್ಡ್ ಪಪ್ರಿಕಾ. ಸ್ಪೇನಿನ ಎಕ್ಸ್‌ಟ್ರಿಮಡೂರಾ ಪ್ರಾಂತ್ಯದ ಲಾ ವೆರಾ ಎಂಬಲ್ಲಿ ಮೆಣಸಿನಕಾಯಿಯನ್ನು ಬಿಸಿಲಿಗೆ ಹರವದೆ ಓಕ್ ಮರದ ಹೊಗೆಯ ಮೇಲೆ ದಿನಗಟ್ಟಲೆ ಒಣಗಿಸಿ ಪುಡಿ ಮಾಡುತ್ತಾರೆ, ಹೀಗಾಗಿ ಹೊಗೆ ಕಾಯಿಯ ಒಳಗೇ ಸೇರಿರುತ್ತದೆ. ಅದರ ಗಂಪು ದುಂಡಗಿದೆ, ಕಹಿಯಿಲ್ಲ. ಆದರೆ ಸಣ್ಣ ಡಬ್ಬಿಗೂ ಬೆಲೆ ಹೆಚ್ಚು, ಎಣ್ಣೆಗೆ ನೇರವಾಗಿ ಹಾಕಿದರೆ ಕ್ಷಣದಲ್ಲಿ ಸೀಯುತ್ತದೆ. ನಮ್ಮ ಕೈಗೆ ಎಟುಕುವ ದಾರಿ ಬ್ಯಾಡಗಿ ಮೆಣಸಿನಕಾಯಿ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಗುಣದಲ್ಲಿ ಅದು ಪಪ್ರಿಕಾಕ್ಕೆ ಹತ್ತಿರದ್ದು. ಬೀಜ ಕೊಡವಿದ ಆರೇಳು ಬ್ಯಾಡಗಿಯನ್ನು ಕೆಂಡದ ಮೇಲೆ, ಉಬ್ಬಿ ಅಲ್ಲಲ್ಲಿ ಕಪ್ಪಾಗುವವರೆಗೆ ಮಾತ್ರ ಸುಟ್ಟು, ಬಿಸಿನೀರಿನಲ್ಲಿ ನೆನೆಸಿ ಅರೆದರೆ ಸಿಗುವ ಖಾರಕ್ಕೆ ತನ್ನದೇ ಆದ ಹೊಗೆಯ ವಾಸನೆ ಇರುತ್ತದೆ. ಪಪ್ರಿಕಾಕ್ಕಿಂತ ಒರಟು ರುಚಿ ಎನ್ನಬಹುದು, ಆದರೆ ಕೋಳಿಗೆ ನನಗೆ ಇದೇ ಹೆಚ್ಚು ಒಪ್ಪಿತು.

ಇದರ ಮೇಲೆ ಕೆಂಡದ ಹೊಗೆ. ತಿಪಟೂರು ಕಡೆ ಕೊಬ್ಬರಿ ಸುಲಿಯುವ ಮನೆಗಳಲ್ಲಿ ತೆಂಗಿನ ಚಿಪ್ಪಿಗೆ ಬರವಿಲ್ಲ, ತುಮಕೂರಿನಲ್ಲೂ ಯಾರನ್ನು ಕೇಳಿದರೂ ಒಂದು ಚೀಲ ಸಿಗುತ್ತದೆ. ಚಿಪ್ಪಿನ ಎರಡು ಚೂರನ್ನು ಜಾಲರಿಯ ಮೇಲೆ ಗ್ಯಾಸ್ ಉರಿಗೆ ಹಿಡಿದು, ಉರಿದು ಹೊಗೆ ನಿಂತು ಪೂರ್ತಿ ಕೆಂಪು ಕೆಂಡವಾಗುವವರೆಗೆ ಕಾಯಬೇಕು. ಅರೆಬೆಂದ ಚಿಪ್ಪಿನ ಹೊಗೆ ಕಟುವಾಗಿರುತ್ತದೆ. ಬಾಣಲೆಯ ನಡುವೆ ಸಣ್ಣ ಸ್ಟೀಲ್ ಬಟ್ಟಲಿಟ್ಟು, ಕೆಂಡವನ್ನು ಅದರಲ್ಲಿ ಹಾಕಿ, ಅರ್ಧ ಚಮಚ ತುಪ್ಪ ಬಿಟ್ಟು ತಕ್ಷಣ ಮುಚ್ಚಬೇಕು. ಚೆನ್ನಾಗಿ ಹಿಡಿದ ಕೆಂಡ ತಾನಾಗಿ ಹೆಚ್ಚು ಹೊಗೆ ಕೊಡುವುದಿಲ್ಲ, ಗಂಪು ಬರುವುದು ಅದರ ಮೇಲೆ ಬಿದ್ದು ಸುಡುವ ತುಪ್ಪದಿಂದ; ಆದ್ದರಿಂದ ತುಪ್ಪ ಹೆಚ್ಚಾದರೆ ಹೊಗೆಯೂ ಹೆಚ್ಚಾಗಿ ಕಹಿಯಾಗುತ್ತದೆ. ಮೂರು ನಿಮಿಷ ಸಾಕು. ಕೆಂಡ ಇಂಗಾಲದ ಮಾನಾಕ್ಸೈಡ್ ಬಿಡುವುದರಿಂದ ಅಡುಗೆಮನೆಯ ಕಿಟಕಿ ತೆರೆದಿರಲೇಬೇಕು, ಮಕ್ಕಳು ಹತ್ತಿರವಿರಬಾರದು. ತರಕಾರಿಯ ಮೇಲೆ ಕೋಳಿ ಹರಡಿ ಕೂತಿರುವ ಈ ಅಗಲ ಬಾಣಲೆಯಲ್ಲಿ ಹೊಗೆ ಎಲ್ಲ ತುಂಡುಗಳಿಗೂ ಸಮನಾಗಿ ತಗಲುತ್ತದೆ. ಆಳವಾದ ಕುಕ್ಕರ್ ಪಾತ್ರೆಯಲ್ಲಿ ಮೇಲಿನ ತುಂಡುಗಳಿಗಷ್ಟೇ ತಗಲಿ ಕೆಳಗಿನವು ಹಾಗೆಯೇ ಉಳಿಯುತ್ತವೆ.

ಇಷ್ಟು ಹೊಗಳಿದ ಮೇಲೂ ಬಾಣಲೆಯ ಕೊರತೆಗಳನ್ನು ಹೇಳದಿದ್ದರೆ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ. ಮೊದಲನೆಯದು, ಮುಚ್ಚಳವಿಲ್ಲ. ಈ ಅಡುಗೆಯ ಅರ್ಧ ಕೆಲಸ ಮುಚ್ಚಳದ ಕೆಳಗೆ ನಡೆಯುವಾಗ ಇದು ಸಣ್ಣ ಕೊರತೆಯಲ್ಲ; ನಾನು ಅಗಲವಾದ ಸ್ಟೀಲ್ ತಟ್ಟೆ ಮುಚ್ಚಿ ಮೇಲೆ ಕಲ್ಲಿನ ಕುಟ್ಟಣಿ ಇಡುತ್ತೇನೆ, ಆದರೂ ಬದಿಯಿಂದ ಹೊಗೆ ಸೋರುತ್ತದೆ. ಎರಡನೆಯದು, ಹಿಡಿಗಳು ಗಿಡ್ಡ, ಅವೂ ಬೀಡಿನವೇ ಆದ್ದರಿಂದ ಬಾಣಲೆಯಷ್ಟೇ ಸುಡುತ್ತವೆ. ದಪ್ಪ ಬಟ್ಟೆ ಹಿಡಿದು ಎರಡೂ ಕೈಗಳಿಂದ ಎತ್ತಬೇಕು, ಮಣಿಕಟ್ಟಿನ ನೋವಿರುವವರು, ವಯಸ್ಸಾದವರು ತುಂಬಿದ ಬಾಣಲೆಯನ್ನು ಎತ್ತುವ ಸಾಹಸ ಮಾಡಬಾರದು. ನಮ್ಮ ಮನೆಯಲ್ಲಿ ಅತ್ತೆಯವರು ಇದರಲ್ಲಿ ಅಡುಗೆ ಮಾಡಲು ಇಷ್ಟಪಡುತ್ತಾರೆ, ಆದರೆ ಒಲೆಯಿಂದ ಇಳಿಸಲು ಬೇರೆಯವರನ್ನು ಕರೆಯುತ್ತಾರೆ, ಅದು ಸರಿಯಾದ ಕ್ರಮವೇ. ಮೂರನೆಯದು ಅಳತೆ: ನಾಲ್ಕು ಜನಕ್ಕೆ ಸರಿಹೋಗುತ್ತದೆ, ನೆಂಟರು ಬಂದ ದಿನಕ್ಕೆ ಆಗುವುದಿಲ್ಲ. ತೊಡೆಗಳನ್ನು ಒತ್ತೊತ್ತಾಗಿ ತುಂಬಿದರೆ ಹುರಿತ ಕೆಡುತ್ತದೆ, ಎರಡು ಸರದಿಯಲ್ಲಿ ಮಾಡುವುದು ಅನಿವಾರ್ಯ.

ಹುಳಿಯ ಪ್ರಶ್ನೆ ಇದಕ್ಕಿಂತ ಮುಖ್ಯವಾದದ್ದು. ಕೋಲಾರದ ಕಡೆಯಿಂದ ಬರುವ ಟೊಮೆಟೊ ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಕ್ಕಾಗ ಎಲ್ಲದಕ್ಕೂ ನಾಲ್ಕು ಹಾಕೋಣ ಎನ್ನಿಸುತ್ತದೆ. ಬೀಡಿನ ಬಾಣಲೆಗೆ ಹುಳಿ ಆಗಿಬರುವುದಿಲ್ಲ. ಹೆಚ್ಚು ಹೊತ್ತು ಕುದಿದರೆ ಎಣ್ಣೆಯ ಪದರವನ್ನು ಕರಗಿಸಿ, ಅಡುಗೆಗೆ ಕಬ್ಬಿಣದ ಒಗರನ್ನು ಸೇರಿಸುತ್ತದೆ. ಹೊಸ ಬಾಣಲೆಯಲ್ಲಿ ಆ ಒಗರು ನಾಲಿಗೆಗೆ ಸ್ಪಷ್ಟವಾಗಿ ತಿಳಿಯುತ್ತದೆ. ಕಬ್ಬಿಣದ ಅಂಶ ಸ್ವಲ್ಪ ಊಟಕ್ಕೆ ಸೇರುವುದರಿಂದ ತೊಂದರೆಯಿಲ್ಲ, ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇರುವವರಿಗೆ ಅದು ಒಳ್ಳೆಯದೂ ಹೌದು, ಆದರೆ ರುಚಿ ಕೆಡುವುದಂತೂ ಕೆಡುತ್ತದೆ. ಒಂದು ಟೊಮೆಟೊವನ್ನು ಸಾಸೇಜ್ ಜೊತೆ ಕೊನೆಯ ಐದು ನಿಮಿಷಕ್ಕೆ ಸೇರಿಸಿದರೆ ಹುಳಿ ಸಾಕಾಗುತ್ತದೆ, ಬಾಣಲೆಗೂ ಪೆಟ್ಟಾಗುವುದಿಲ್ಲ. ಹುಣಸೆಹಣ್ಣಿನ ರಸ ಹಾಕುವ ಅಡುಗೆಯನ್ನು ಇದರಲ್ಲಿ ಮಾಡಲೇಬಾರದು. ಉಳಿದ ಊಟವನ್ನು ಬಾಣಲೆಯಲ್ಲೇ ಬಿಟ್ಟು ಮಲಗುವುದೂ ಸಲ್ಲದು, ಬೇರೆ ಪಾತ್ರೆಗೆ ತೆಗೆದಿಡಬೇಕು.

ತೊಳೆಯುವ ವಿಚಾರದಲ್ಲಿ ಜನರಲ್ಲಿ ಅನಗತ್ಯ ಭಯವಿದೆ. ಅಂಗಡಿಯವರು ನನಗೆ ಹೇಳಿದ ಮಾತೇ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು: “ಸೋಪ್ ಹಾಕಿದ್ರೆ ಏನೂ ಆಗಲ್ಲ ಅಕ್ಕಾ, ನೆನೆಹಾಕ್ಬೇಡಿ, ಒದ್ದೆ ಬಿಡ್ಬೇಡಿ, ಅಷ್ಟೇ.” ಬಿಸಿ ಆರುವ ಮೊದಲೇ ಬಿಸಿನೀರು, ಒಂದು ತೊಟ್ಟು ಸೋಪು, ತೆಂಗಿನ ನಾರು ಇಷ್ಟರಲ್ಲಿ ಕೋಳಿಯ ಜಿಡ್ಡು ಹೋಗುತ್ತದೆ. ಕಾದ ಬಾಣಲೆಗೆ ತಣ್ಣೀರು ಸುರಿಯಬಾರದು, ಬೀಡು ಬಿರುಕು ಬಿಡುವ ಲೋಹ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಲವು ಮನೆಗಳಿಗೆ ಬರುವುದು ಗಡಸು ಬೋರ್ ನೀರು. ಗಾಳಿಗೆ ಒಣಗಲು ಬಿಟ್ಟರೆ ಕಪ್ಪು ಮೈಯ ಮೇಲೆ ಬಿಳಿ ಕಲೆ ಉಳಿಯುತ್ತದೆ, ಅಂಚಿನಲ್ಲಿ ತುಕ್ಕೂ ಏಳುತ್ತದೆ. ಬಟ್ಟೆಯಿಂದ ಒರೆಸಿ, ಒಲೆಯ ಮೇಲೆ ಎರಡು ನಿಮಿಷ ಇಟ್ಟು, ಒಂದು ಹನಿ ಎಣ್ಣೆ ಸವರಿದರೆ ಎರಡೂ ಆಗುವುದಿಲ್ಲ.

ಊಟದ ಜೊತೆಗೇನು ಎಂಬ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಬಂದೇ ಬರುತ್ತದೆ. ಮುದ್ದೆಗೆ ಇದು ಹೊಂದುವುದಿಲ್ಲ, ಮುದ್ದೆ ಮುಳುಗುವಷ್ಟು ಸಾರು ಇದರಲ್ಲಿ ಇರುವುದಿಲ್ಲ. ಬಿಸಿ ಅಕ್ಕಿರೊಟ್ಟಿ ಚೆನ್ನಾಗಿ ಸೇರುತ್ತದೆ, ಬೇಕರಿಯ ಬ್ರೆಡ್ಡನ್ನು ಅದೇ ಬಾಣಲೆಯ ಅಂಚಿನಲ್ಲಿ ಒತ್ತಿ ಸುಟ್ಟುಕೊಂಡರೆ ತಳದ ರಸವನ್ನು ಒರೆಸಿ ತಿನ್ನುವುದಕ್ಕೆ ಇನ್ನೂ ಚೆನ್ನ.

ವಾರದಲ್ಲಿ ಒಮ್ಮೆಯಾದರೂ ಮಾಂಸ, ಮೀನು, ಪನೀರ್ ಹುರಿಯುವ ಮನೆಗೆ ಈ ಬಾಣಲೆ 1,650 ರೂಪಾಯಿಗೆ ನಿಸ್ಸಂಶಯವಾಗಿ ಯೋಗ್ಯ. ಸಾರು, ಗೊಜ್ಜು, ಹುಳಿಯೇ ಹೆಚ್ಚಾಗಿ ಬೇಯುವ ಮನೆಯಲ್ಲಿ ಇದು ಅಟ್ಟ ಸೇರುತ್ತದೆ, ಅಂಥವರಿಗೆ ದೋಸೆ ಕಾವಲಿಯೊಂದೇ ಸಾಕು. ಕೊಳ್ಳುವವರು ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿಕೊಳ್ಳಿ. ಗಾಜಿನ ಕೌಂಟರಿನ ಮೇಲೆ ಖಾಲಿ ಬಾಣಲೆಯನ್ನಿಟ್ಟು ಬೆರಳಿನಿಂದ ತಿರುಗಿಸಿ, ತಳ ಉಬ್ಬಿದ್ದರೆ ಬುಗುರಿಯಂತೆ ಸುತ್ತುತ್ತದೆ, ಅಂಥದ್ದನ್ನು ಬಿಟ್ಟುಬಿಡಿ. ಒಂದು ಹಿಡಿಯಲ್ಲಿ ತೂಗಿ ಹಿಡಿದು ಬೆರಳ ಗೆಣ್ಣಿನಿಂದ ಬಡಿಯಿರಿ, ನಾದ ಬಂದರೆ ಸರಿ, ಒಡಕು ಸದ್ದು ಬಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ ಎಂದು ತಿಳಿಯಿರಿ. ಮುಚ್ಚಳದ ಸಮೇತ ಸಿಕ್ಕರೆ ಮುನ್ನೂರು ನಾನೂರು ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳಿ. ಮುಚ್ಚಳವನ್ನು ಕೂರಿಸಿ ಸುತ್ತಲೂ ಒಂದು ಕಾಗದದ ಚೂರು ತೂರಿಸಿ ನೋಡಿ, ಎಲ್ಲಿಯೂ ಸಲೀಸಾಗಿ ಒಳಹೋಗದಿದ್ದರೆ ಕೆಂಡದ ಹೊಗೆ ಒಳಗೇ ನಿಲ್ಲುತ್ತದೆ.